ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವ ಆರೋಗ್ಯ ದಾಖಲೆ



ನಮ್ಮ ಹಸು ಎಮ್ಮೆಗಳ ಕಿವಿಯಲ್ಲಿ ಹಳದಿ ಬಿಲ್ಲೆ ಇರುವುದನ್ನು ನೀವೆಲ್ಲ ಬಲ್ಲಿರಿ. ಅದರ ಮೇಲೆ 12 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. 2019ರಲ್ಲಿ ಕಾಲುಬಾಯಿ ಜ್ವರದ ಲಸಿಕೆಯ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದ ಮೇಲೆ ಈ ಬಿಲ್ಲೆ ಹಳ್ಳಿಹಳ್ಳಿಗೂ ಬಂತು. ಲಸಿಕೆ ಹಾಕಿದ ದಿನವನ್ನು ಆ ಸಂಖ್ಯೆಯ ಎದುರಿಗೆ ಕಂಪ್ಯೂಟರಿನಲ್ಲಿ ಬರೆದಿಡುತ್ತಾರೆ. ಹಸುವನ್ನು ಸಂತೆಯಲ್ಲಿ ಮಾರಿದರೂ ಬಿಲ್ಲೆ ಅದರ ಜೊತೆಗೇ ಹೋಗುತ್ತದೆ. ಬೇರೆ ಊರಿನ ಪಶುವೈದ್ಯರು ಸಂಖ್ಯೆಯನ್ನು ನೋಡಿ ಹಿಂದಿನ ಲಸಿಕೆಯ ವಿವರ ತಿಳಿಯಬಹುದು.

ಆ ಹಸುವಿನ ಒಡೆಯನ ಸ್ಥಿತಿ ಹೇಗಿದೆ ನೋಡೋಣ. ಸಕ್ಕರೆ ಕಾಯಿಲೆಗೆ ಹಿಂದೂಪುರದಲ್ಲಿ ಮಾತ್ರೆ, ಎದೆನೋವು ಬಂದರೆ ಪುಟ್ಟಪರ್ತಿ, ಮೂತ್ರಪಿಂಡಕ್ಕೆ ಅನಂತಪುರ, ಅಲ್ಲಿಯೂ ಆಗದಿದ್ದರೆ ಬೆಂಗಳೂರು. ಕಲ್ಯಾಣದುರ್ಗದ ಕಡೆಯವರಾದರೆ ಅಲ್ಲಿಯ ಇಲ್ಲವೆ ಬತ್ತಲಪಲ್ಲಿಯ ಆರ್.ಡಿ.ಟಿ. ಆಸ್ಪತ್ರೆ. ಹೋದ ಕಡೆಯಲ್ಲೆಲ್ಲ ಹೊಸ ಚೀಟಿ, ಹೊಸ ರಕ್ತಪರೀಕ್ಷೆ, ಹೊಸ ಖರ್ಚು. ಎಲ್ಲ ಕಾಗದಗಳೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಗೂಟಕ್ಕೆ ನೇತುಬಿದ್ದಿರುತ್ತವೆ. ಅವಸರದಲ್ಲಿ ಬಸ್ಸು ಹತ್ತಿದ ದಿನ ಆ ಚೀಲವೇ ಮನೆಯಲ್ಲಿ ಉಳಿಯುತ್ತದೆ. ಪೆನಿಸಿಲಿನ್ ತನಗೆ ಒಗ್ಗುವುದಿಲ್ಲ ಎಂಬ ಒಂದು ಸಾಲು ಆ ಚೀಲದಲ್ಲಿದ್ದು, ರೋಗಿ ಎಚ್ಚರ ತಪ್ಪಿ ಮಲಗಿದ್ದರೆ ಪ್ರಾಣಕ್ಕೇ ಅಪಾಯ.

ಈ ತೊಂದರೆಯನ್ನು ನೀಗಲು ಕಂಪ್ಯೂಟರ್ ಒಂದೇ ಸಾಲದು. ಎರಡು ಆಸ್ಪತ್ರೆಗಳಲ್ಲೂ ಕಂಪ್ಯೂಟರ್ ಇದ್ದು, ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಅರ್ಥವಾಗದಿದ್ದರೆ ಏನು ಪ್ರಯೋಜನ? ಒಂದು ಕಂಪ್ಯೂಟರಿನ ದಾಖಲೆ ಇನ್ನೊಂದಕ್ಕೆ ಅರ್ಥವಾಗುವ ಹಾಗೆ ಬರೆಯುವ ಏಕರೂಪದ ಪದ್ಧತಿ ಏನೆಂಬುದನ್ನು ಈ ಸಲ ತಿಳಿಯೋಣ.

ನಮ್ಮ ದೇವಾಲಯದ ಜ್ಞಾನಸ್ನಾನದ ರಿಜಿಸ್ಟರನ್ನೇ ತೆಗೆದುಕೊಳ್ಳಿ. ಮಗುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿ, ಜ್ಞಾನಪಿತೃಗಳು, ಸ್ನಾನ ಕೊಟ್ಟ ಗುರು, ಹೀಗೆ ಗೊತ್ತಾದ ಅಂಕಣಗಳಿವೆ. ಕಲ್ಯಾಣದುರ್ಗದಲ್ಲಿ ಜ್ಞಾನಸ್ನಾನ ಪಡೆದ ಹುಡುಗ ಬೆಂಗಳೂರಿನಲ್ಲಿ ಮದುವೆಯಾಗಬೇಕಾದರೆ ಇಲ್ಲಿಂದ ಪತ್ರ ಹೋಗುತ್ತದೆ. ಮದುವೆಯಾದ ಮೇಲೆ ಆ ಸುದ್ದಿ ಇಲ್ಲಿಗೆ ಬಂದು ಅದೇ ಪುಟದ ಅಂಚಿನಲ್ಲಿ ದಾಖಲಾಗುತ್ತದೆ. ಅಲ್ಲಿಯ ಗುರುಗಳು ತಮಿಳರಿರಲಿ, ಕೊಂಕಣಿಯವರಿರಲಿ, ಯಾವ ಅಂಕಣದಲ್ಲಿ ಏನಿರುತ್ತದೆ ಎಂಬುದು ಅವರಿಗೆ ಗೊತ್ತು. ಮೂಲ ಪುಸ್ತಕ ಮಾತ್ರ ಇಲ್ಲಿಂದ ಕದಲುವುದಿಲ್ಲ. ಆಸ್ಪತ್ರೆಗಳ ನಡುವೆ ಈಗ ನಡೆಸಲು ಯತ್ನಿಸುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ.

ವೈದ್ಯರು ಚೀಟಿಯಲ್ಲಿ ‘ಸಕ್ಕರೆ 126’ ಎಂದು ಬರೆದರೆ ಮನುಷ್ಯ ಓದಿ ತಿಳಿಯುತ್ತಾನೆ. ಯಂತ್ರಕ್ಕೆ ಅದು ಬರಿಯ ಅಕ್ಷರ, ಬರಿಯ ಅಂಕಿ. 126 ಎಂಬುದು ಸಕ್ಕರೆಯೋ, ರಕ್ತದ ಒತ್ತಡವೋ, ಹಾಸಿಗೆಯ ನಂಬರೋ ಎಂದು ಅದಕ್ಕೆ ತಿಳಿಯದು. ಆದುದರಿಂದ ಮಾರ್ಕೆಟ್ ಯಾರ್ಡಿನಲ್ಲಿ ಪ್ರತಿಯೊಂದು ರಾಶಿಗೂ ರೈತನ ಹೆಸರು, ತೂಕ ಬರೆದ ಚೀಟಿ ಇಡುವಂತೆ ಪ್ರತಿಯೊಂದು ಮಾಹಿತಿಗೂ ಹಿಂದೆ ಒಂದು, ಮುಂದೆ ಒಂದು ಚೀಟಿ ಅಂಟಿಸುತ್ತಾರೆ. ಕನ್ನಡದಲ್ಲಿ ಬರೆದು ತೋರಿಸುವುದಾದರೆ ಹೀಗೆ:

<ಪರೀಕ್ಷೆ>ಬರಿಹೊಟ್ಟೆಯ ರಕ್ತದ ಸಕ್ಕರೆ</ಪರೀಕ್ಷೆ>
<ಫಲ>126</ಫಲ>
<ಅಳತೆ>ಡೆಸಿಲೀಟರಿಗೆ ಮಿಲಿಗ್ರಾಂ</ಅಳತೆ>
<ದಿನ>2024-06-05</ದಿನ>

ಕಂಪ್ಯೂಟರಿನಲ್ಲಿ ಈ ಚೀಟಿಗಳ ಹೆಸರು ಇಂಗ್ಲಿಷಿನಲ್ಲಿರುತ್ತದೆ, ಅಷ್ಟೇ ವ್ಯತ್ಯಾಸ. ಈ ರೀತಿ ಚೀಟಿ ಅಂಟಿಸಿ ಬರೆಯುವ ಎಕ್ಸ್.ಎಂ.ಎಲ್. ಎಂಬ ಪದ್ಧತಿ 1998ರಲ್ಲಿ ಅಂಗೀಕಾರವಾಯಿತು. ಈಗ ಅದರ ಜೊತೆಗೆ ಜೇಸನ್ ಎಂಬ ಇನ್ನೊಂದು ಬರವಣಿಗೆಯೂ ಬಳಕೆಯಲ್ಲಿದೆ. ಬರೆಯುವ ಬಗೆ ಬೇರೆಯಾದರೂ ತತ್ವ ಒಂದೇ.

ಅಳತೆ ಎಂಬ ಆ ಮೂರನೆಯ ಸಾಲನ್ನು ಯಾರೂ ಹಗುರವಾಗಿ ಕಾಣಬಾರದು. ನಮ್ಮ ದೇಶದಲ್ಲಿ 126 ಎನ್ನುವ ಸಕ್ಕರೆಯನ್ನೇ ಯೂರೋಪಿನ ಅನೇಕ ದೇಶಗಳಲ್ಲಿ 7 ಎನ್ನುತ್ತಾರೆ. ಅಲ್ಲಿ ಲೀಟರಿಗೆ ಮಿಲಿಮೋಲ್ ಎಂಬ ಬೇರೆ ಅಳತೆ. ಅಳತೆ ಬರೆಯದೆ 7 ಎಂದಷ್ಟೇ ಕಳುಹಿಸಿದರೆ, ರೋಗಿಯ ಸಕ್ಕರೆ ಪೂರ್ತಿ ಇಳಿದುಹೋಗಿದೆ ಎಂದು ಇಲ್ಲಿಯವರು ಗಾಬರಿಯಾಗಬಹುದು. ದಿನಾಂಕವೂ ಹಾಗೆಯೇ. 05-06 ಎಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ಅದಕ್ಕಾಗಿಯೇ ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮವನ್ನು ಗೊತ್ತುಮಾಡಿದ್ದಾರೆ.

ಚೀಟಿ ಅಂಟಿಸಿದರೂ ಒಳಗಿರುವ ಮಾತು ಒಂದೇ ಆಗಿರಬೇಕಲ್ಲ? ಹಿಂದೂಪುರದ ಹುಣಸೆ ವ್ಯಾಪಾರಿಗೆ ಕರಿಪುಳಿ, ಫ್ಲವರ್ ಎಂದರೆ ಸಾಕು, ಯಾವ ದರ್ಜೆಯ ಹಣ್ಣೆಂದು ತಿಳಿಯುತ್ತದೆ. ಹೊರಗಿನವರಿಗೆ ಅದು ಗೊತ್ತಾಗುವುದಿಲ್ಲ. ರೋಗದ ಹೆಸರೂ ಹೀಗೆಯೇ. ಒಬ್ಬರು ಸಕ್ಕರೆ ಕಾಯಿಲೆ ಎಂದರೆ ಇನ್ನೊಬ್ಬರು ಮಧುಮೇಹ, ಮತ್ತೊಬ್ಬರು ಡಯಾಬಿಟಿಸ್, ತೆಲುಗಿನವರು ಚಕ್ಕೆರ ವ್ಯಾಧಿ ಎನ್ನುತ್ತಾರೆ. ಆದುದರಿಂದ ಸ್ನೊಮೆಡ್ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ದೊಡ್ಡವರಿಗೆ ಸಾಮಾನ್ಯವಾಗಿ ಬರುವ ಎರಡನೆಯ ಬಗೆಯ ಮಧುಮೇಹಕ್ಕೆ 44054006 ಎಂಬ ಸಂಖ್ಯೆ ಕೊಟ್ಟಿದ್ದಾರೆ. ಯಾವ ಭಾಷೆಯಲ್ಲಿ ಹೇಳಿದರೂ ಸಂಖ್ಯೆ ಅದೇ. ಪ್ರಯೋಗಾಲಯದ ಪರೀಕ್ಷೆಗಳಿಗೆ ಲೋಯಿಂಕ್ ಎಂಬ ಇನ್ನೊಂದು ಪಟ್ಟಿ ಇದೆ. ತೆಲುಗು, ಕನ್ನಡ, ಉರ್ದು ಬೆರೆತು ಬಾಳುವ ನಮ್ಮ ಗಡಿಭಾಗಕ್ಕೆ ಇಂತಹ ಪಟ್ಟಿ ಬೇರೆಯವರಿಗಿಂತ ಹೆಚ್ಚು ಅಗತ್ಯವೆಂದು ನಮ್ಮ ಅಭಿಪ್ರಾಯ.

ಔಷಧದ ವಿಷಯದಲ್ಲಿ ಇದರ ಲಾಭ ಕಣ್ಣಿಗೆ ಕಾಣುವಂಥದು. ಗ್ಲೈಕೋಮೆಟ್ ಎಂದರೂ ಗ್ಲುಕೊಫೇಜ್ ಎಂದರೂ ಒಳಗಿರುವ ಔಷಧ ಮೆಟ್‌ಫಾರ್ಮಿನ್ ಒಂದೇ. ಒಂದು ಊರಿನಲ್ಲಿ ಒಂದು ಹೆಸರಿನ ಮಾತ್ರೆ, ಇನ್ನೊಂದು ಊರಿನಲ್ಲಿ ಇನ್ನೊಂದು ಹೆಸರಿನ ಮಾತ್ರೆ ಬರೆದುಕೊಟ್ಟರೆ, ರೋಗಿ ಎರಡನ್ನೂ ನಿಷ್ಠೆಯಿಂದ ನುಂಗುತ್ತಾನೆ. ಮೂತ್ರಪಿಂಡ ಮೊದಲೇ ಕೆಟ್ಟವರಿಗೆ ಇದು ಅಪಾಯ. ಎರಡು ಕಡೆಯ ದಾಖಲೆಯೂ ಒಂದೇ ಪದ್ಧತಿಯಲ್ಲಿದ್ದರೆ ಕಂಪ್ಯೂಟರೇ ಎಚ್ಚರಿಸಬಲ್ಲದು.

ಆಸ್ಪತ್ರೆಗಳ ಕಂಪ್ಯೂಟರುಗಳಿಗೆ ಒಂದೇ ಭಾಷೆ ಕಲಿಸುವ ಕೆಲಸವನ್ನು ಅಮೆರಿಕದಲ್ಲಿ 1987ರಲ್ಲಿ ಸ್ಥಾಪನೆಯಾದ ಎಚ್.ಎಲ್. ಸೆವೆನ್ ಎಂಬ ಸಂಸ್ಥೆ ಕೈಗೆತ್ತಿಕೊಂಡಿತು. 2000ದಲ್ಲಿ ಎಕ್ಸ್.ಎಂ.ಎಲ್. ಬಳಸಿದ ಆರೋಗ್ಯ ಪತ್ರದ ಮಾದರಿಯೊಂದು ಅದರಿಂದ ಹೊರಬಂತು. ಅದು ತೀರ ಜಟಿಲವೆನಿಸಿದ್ದರಿಂದ 2011ರಲ್ಲಿ ಆಸ್ಟ್ರೇಲಿಯದ ಗ್ರಹಾಂ ಗ್ರೀವ್ ಎಂಬವರು ಸರಳವಾದ ಬೇರೊಂದು ಮಾದರಿಯನ್ನು ಮುಂದಿಟ್ಟರು. ಎಫ್.ಎಚ್.ಐ.ಆರ್. ಎಂಬ ಅದರ ಅಕ್ಷರಗಳನ್ನು ಕೂಡಿಸಿ ‘ಫಯರ್’ ಎನ್ನುತ್ತಾರೆ. ನಮ್ಮ ಕೇಂದ್ರ ಸರ್ಕಾರ ಆರೋಗ್ಯ ದಾಖಲೆಗಳ ಮಾನದಂಡಗಳನ್ನು 2013ರಲ್ಲಿ ಪ್ರಕಟಿಸಿ 2016ರಲ್ಲಿ ತಿದ್ದಿತು. 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಅನ್ವಯಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಈ ಫಯರ್ ಪದ್ಧತಿಯನ್ನೇ ಅನುಸರಿಸುತ್ತದೆ.

ಇದರಲ್ಲಿ ಪ್ರತಿಯೊಬ್ಬರಿಗೂ ‘ಆಭಾ’ ಎಂಬ 14 ಅಂಕಿಗಳ ಸಂಖ್ಯೆ. (ಹಸುವಿಗಿಂತ ನಮಗೆ ಎರಡು ಅಂಕಿ ಹೆಚ್ಚು!) ಆಭಾ ಇದ್ದರೆ ಚಿಕಿತ್ಸೆ ಉಚಿತವೆಂದು ಕೆಲವರು ತಿಳಿದಿದ್ದಾರೆ, ಅದು ತಪ್ಪು. ಖರ್ಚು ಭರಿಸುವ ಯೋಜನೆ ಬೇರೆ. 2007ರಲ್ಲಿ ನಮ್ಮ ಅನಂತಪುರವೂ ಸೇರಿ ಮೂರು ಜಿಲ್ಲೆಗಳಲ್ಲಿ ಮೊದಲು ಬಂದ ಆರೋಗ್ಯಶ್ರೀ, 2024ರಲ್ಲಿ ಎನ್.ಟಿ.ಆರ್. ವೈದ್ಯ ಸೇವಾ ಎಂದು ಹೆಸರು ಬದಲಿಸಿಕೊಂಡದ್ದು, ಅಂಥ ಯೋಜನೆ. ಆಭಾ ನಿಮ್ಮ ದಾಖಲೆಗಳನ್ನು ಗುರುತಿಸುವ ಬಿಲ್ಲೆ ಮಾತ್ರ. ಅದನ್ನು ಮಾಡಿಸುವುದು ಕಡ್ಡಾಯವಲ್ಲ. ಆಭಾ ಇಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ.

ದಾಖಲೆಗಳೆಲ್ಲ ದೆಹಲಿಯ ಯಾವುದೋ ಉಗ್ರಾಣದಲ್ಲಿ ಕೂಡಿಬೀಳುವುದಿಲ್ಲ. ಹಿಂದೂಪುರದಲ್ಲಿ ಬರೆದದ್ದು ಹಿಂದೂಪುರದಲ್ಲೇ ಇರುತ್ತದೆ. ಬೆಂಗಳೂರಿನ ಆಸ್ಪತ್ರೆಗೆ ಬೇಕಾದರೆ ನಿಮ್ಮ ಫೋನಿಗೆ ಕೋರಿಕೆ ಬರುತ್ತದೆ: ಯಾವ ಉದ್ದೇಶಕ್ಕೆ, ಯಾವ ಬಗೆಯ ದಾಖಲೆ, ಎಂದಿನಿಂದ ಎಂದಿನವರೆಗಿನದು, ಎಷ್ಟು ದಿನದ ಮಟ್ಟಿಗೆ. ನೀವು ಒಪ್ಪಿದರೆ ಮಾತ್ರ ಪ್ರತಿ ಹೋಗುತ್ತದೆ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆಯಲೂಬಹುದು. ಆದರೆ ಒಮ್ಮೆ ಓದಿದ್ದನ್ನು ಓದಿದವರ ತಲೆಯಿಂದ ಅಳಿಸಲಾಗುವುದಿಲ್ಲ ಎಂಬುದು ನೆನಪಿರಲಿ.

ಈ ಒಪ್ಪಿಗೆಯ ವಿಷಯವನ್ನು ಸ್ವಲ್ಪ ಒತ್ತಿ ಹೇಳಲೇಬೇಕು. ನಮ್ಮ ಜಿಲ್ಲೆಯಲ್ಲಿ ಎಚ್.ಐ.ವಿ. ಮತ್ತು ಕ್ಷಯದಿಂದ ನೊಂದ ಕುಟುಂಬಗಳಿವೆ. ಅವರಿಗೆ ಕಾಯಿಲೆಯಷ್ಟೇ ಭಾರವಾದದ್ದು ಊರಿನ ಬಾಯಿ. ಬತ್ತಲಪಲ್ಲಿಯ ಎಚ್.ಐ.ವಿ. ರೋಗಿಗಳ ದಾಖಲೆಗಳನ್ನು ಕ್ರಮವಾಗಿ ಇಟ್ಟಿದ್ದರಿಂದಲೇ ಅವುಗಳ ಆಧಾರದ ಮೇಲೆ ಅಧ್ಯಯನಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾದವು. ದಾಖಲೆ ಒಳ್ಳೆಯದೇ. ಆದರೆ ಹೆಸರು ಸಹಿತ ಅದು ಬೇಡದವರ ಕಣ್ಣಿಗೆ ಬಿದ್ದರೆ ಒಬ್ಬ ಹೆಣ್ಣುಮಗಳ ಬಾಳು ಹಾಳಾಗುತ್ತದೆ. 2017ರ ಎಚ್.ಐ.ವಿ. ಕಾಯ್ದೆಯ ಪ್ರಕಾರ ರೋಗಿಯ ಒಪ್ಪಿಗೆಯಿಲ್ಲದೆ ಆ ವಿಷಯವನ್ನು ಸಾಮಾನ್ಯವಾಗಿ ಯಾರಿಗೂ ತಿಳಿಸುವಂತಿಲ್ಲ. ಮನೆಗೆಲ್ಲ ಒಂದೇ ಫೋನಿದ್ದು ಅದು ಗಂಡನ ಕೈಯಲ್ಲೋ ಬೆಂಗಳೂರಿನಲ್ಲಿರುವ ಮಗನ ಕೈಯಲ್ಲೋ ಇದ್ದರೆ ಹೆಂಡತಿಯ ದಾಖಲೆಗೆ ‘ಒಪ್ಪಿದೆ’ ಎನ್ನುವವರು ಯಾರು? ಈ ಪ್ರಶ್ನೆಗೆ ಯಂತ್ರದಲ್ಲಿ ಉತ್ತರವಿಲ್ಲ. ಇದನ್ನು ಮನೆಯಲ್ಲೇ ಕುಳಿತು ಮಾತಾಡಿ ಬಗೆಹರಿಸಿಕೊಳ್ಳಬೇಕು.

ಇನ್ನೊಂದು ಕೊರತೆ. ಹಲವು ಕಡೆ ಕಾಗದದ ಫೋಟೋ ತೆಗೆದು ಹಾಗೆಯೇ ಸೇರಿಸಿಬಿಡುತ್ತಾರೆ. ಈ ವ್ಯವಸ್ಥೆಯಲ್ಲಿ ಅದಕ್ಕೂ ಅವಕಾಶವಿದೆ. ಏನೂ ಇಲ್ಲದ್ದಕ್ಕಿಂತ ಅದು ಮೇಲು. ಆದರೆ ಫೋಟೋದಲ್ಲಿ ಚೀಟಿಗಳಿರುವುದಿಲ್ಲ; ಯಂತ್ರ ಅದರಿಂದ ಪೆನಿಸಿಲಿನ್ ಎಂಬ ಎಚ್ಚರಿಕೆಯನ್ನು ತಾನಾಗಿ ಹೆಕ್ಕಿ ತೋರಿಸುವ ಭರವಸೆ ಇಲ್ಲ. ಆದುದರಿಂದ ಗೂಟದ ಚೀಲವನ್ನು ಈಗಲೇ ಎಸೆಯಬೇಡಿ. ಅದರೊಳಗೆ ಮೇಲುಗಡೆಯೇ ಒಂದು ಹಾಳೆ ಇಡಿ: ಒಗ್ಗದ ಔಷಧ, ಈಗ ನುಂಗುತ್ತಿರುವ ಮಾತ್ರೆಗಳ ಒಳಹೆಸರು, ಆದ ಆಪರೇಷನ್ನುಗಳು.

ಆಭಾ ಮಾಡಿಸುವವರು ಹೆಸರಿನ ಕಾಗುಣಿತ ಮತ್ತು ಹುಟ್ಟಿದ ದಿನ ಆಧಾರಿನಲ್ಲಿ ಸರಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ನರಸಿಂಹಪ್ಪ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಹಲವು ರೀತಿ ಬರೆಯುತ್ತಾರೆ. ಸಾಲದ್ದಕ್ಕೆ 2022ರ ಏಪ್ರಿಲಿನಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಹಳೆಯ ಕಾಗದದಲ್ಲಿ ಒಂದು ಜಿಲ್ಲೆ, ಹೊಸದರಲ್ಲಿ ಇನ್ನೊಂದು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಡಿಸ್ಚಾರ್ಜ್ ಸಮ್ಮರಿಯನ್ನು ಕೇಳಿ ಪಡೆಯಿರಿ, ಅದನ್ನು ಆಭಾಕ್ಕೆ ಜೋಡಿಸಿದ್ದಾರೆಯೇ ಎಂದೂ ಕೇಳಿ. ಫೋನಿಗೆ ಬಂದ ಓ.ಟಿ.ಪಿ.ಯನ್ನು ಕೌಂಟರಿನಲ್ಲಿ ನಿಮ್ಮ ಎದುರಿಗೆ ಕೆಲಸ ನಡೆಯುತ್ತಿರುವಾಗ, ಯಾವುದಕ್ಕೆಂದು ಕೇಳಿ ತಿಳಿದು ಹೇಳಬಹುದು. ಯಾರೋ ಫೋನ್ ಮಾಡಿ ಆಸ್ಪತ್ರೆಯವರು ಎಂದು ಕೇಳಿದರೆ ಹೇಳಲೇಬಾರದು.