ಹಕ್ಕಿ ಎಂಬ ಮಾತು

ಕಳೆದ ವರ್ಷ ಎಂಟನೆಯ ಇಯತ್ತೆಯ ಒಂದು ಉತ್ತರಪತ್ರಿಕೆಯಲ್ಲಿ ‘ಗಿಡದ ಮೇಲೆ ಪಾಖರು ಕೂತಿತ್ತು’ ಎಂದಿತ್ತು. ನಾವು ಕೆಂಪು ಗೆರೆ ಎಳೆದು ಅದನ್ನು ಗಟ್ಟಿಯಾಗಿ ಓದಿದೆವು. ವರ್ಗವೆಲ್ಲ ನಕ್ಕಿತು. ಬರೆದ ಹುಡುಗ ಆಮೇಲೆ ಬಹಳ ದಿನ ಬಾಯಿ ಬಿಡಲಿಲ್ಲ. ಮನೆಯಲ್ಲಿ ಅವ್ವನ ಮಾತು ಕನ್ನಡ, ಓಣಿಯ ಮಾತು ಮರಾಠಿ. ನೇಸರಿಯ ಎಷ್ಟೋ ಮಕ್ಕಳ ಪಾಡು ಇದೇ. ಕನ್ನಡ ಪೇಪರಿನಲ್ಲಿ ಹಕ್ಕಿ ಎಂದೇ ಬರೆಯಬೇಕು, ನಿಜ. ಆದರೆ ಆ ಎರಡು ಮಾತುಗಳ ನೆಂಟಸ್ತಿಕೆಯನ್ನು ಅಂದೇ ಹೇಳಬೇಕಾಗಿತ್ತು. ಮೊನ್ನೆ ವರ್ಗದಲ್ಲಿ ಹೇಳಿದೆವು. ಪಾಲಕರಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತೇವೆ.

ಸಂಸ್ಕೃತದಲ್ಲಿ ಪಕ್ಷ ಎಂದರೆ ರೆಕ್ಕೆ, ರೆಕ್ಕೆಯುಳ್ಳದ್ದು ಪಕ್ಷಿ. ಅದು ಕನ್ನಡಕ್ಕೆ ಬಂದು ಪಕ್ಕಿಯಾಯಿತು. ಹಳಗನ್ನಡದ ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ ಪಕ್ಕಿ ಹಕ್ಕಿಯಾಯಿತು. ಇಂಥ ತದ್ಭವಗಳಿಗೆಂದೇ 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣವೆಂಬ ಭಾಗವನ್ನು ಇಟ್ಟಿದ್ದಾನೆ. ಮರಾಠಿಯ ಪಂಖ, ಪಾಖರು ಇವೂ ಅದೇ ಪಕ್ಷದ ಮೊಮ್ಮಕ್ಕಳೇ.

ಹಕ್ಕಿಗೆ ಎರಡು ರೆಕ್ಕೆ, ತಿಂಗಳಿಗೆ ಎರಡು ಪಕ್ಷ. (ಚುನಾವಣೆಯ ಪಕ್ಷವೂ ಇದೇ ಮಾತು, ಅದರ ರೆಕ್ಕೆಯ ವಿಚಾರ ಇಲ್ಲಿ ಬೇಡ.) ಶಕುನ ಎಂಬುದಕ್ಕೂ ಸಂಸ್ಕೃತದಲ್ಲಿ ಹಕ್ಕಿ ಎಂಬ ಅರ್ಥವಿದೆ. ಹಕ್ಕಿಯ ಹಾರಾಟ, ಕೂಗು ನೋಡಿ ಮುಂದಿನದನ್ನು ಊಹಿಸುತ್ತಿದ್ದರು. ಮೊಟ್ಟೆಯಾಗಿ ಒಮ್ಮೆ, ಮರಿಯಾಗಿ ಒಮ್ಮೆ ಹುಟ್ಟುವುದರಿಂದ ಹಕ್ಕಿ ದ್ವಿಜ. ಬಿದ್ದು ಮತ್ತೆ ಹುಟ್ಟುವ ಹಲ್ಲೂ ದ್ವಿಜ.

ಭಾದ್ರಪದದ ಕೃಷ್ಣಪಕ್ಷದಲ್ಲಿ ಹಿರಿಯರ ಹೆಸರಿನಲ್ಲಿ ಎಡೆ ಇಟ್ಟು ಕಾಗೆಯ ದಾರಿ ಕಾಯುತ್ತೇವೆ. ಕಾಗೆ ಮುಟ್ಟಿದರೆ ಹಿರಿಯರಿಗೆ ಮುಟ್ಟಿತೆಂಬ ನಂಬಿಗೆ ಕನ್ನಡದ ಮನೆಯಲ್ಲೂ ಉಂಟು, ಮರಾಠಿ ಮನೆಯಲ್ಲೂ ಉಂಟು. ದೂರದ ಚೀನದಲ್ಲಿಯೂ ಕಾಗೆಗೆ ತಂದೆತಾಯಿಗಳ ನಂಟಿದೆ: ಬೆಳೆದ ಮರಿಯು ಮುದಿ ತಾಯಿಗೆ ಗುಟುಕು ಕೊಡುತ್ತದೆಂದು ಅವರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಸೂರ್ಯನೊಳಗೆ ಮೂರು ಕಾಲಿನ ಕಾಗೆಯಿದೆ ಎಂಬ ಕಥೆಯೂ ಅವರದು. ಅವರ ಲಿಪಿಯಲ್ಲಿ ಹಕ್ಕಿಯ ಅಕ್ಷರ ಮೊದಲು ಹಕ್ಕಿಯ ಚಿತ್ರವೇ ಆಗಿತ್ತು. ಆ ಅಕ್ಷರದಿಂದ ಕಣ್ಣಿನ ಜಾಗದ ಒಂದು ಗೆರೆ ತೆಗೆದರೆ ಕಾಗೆಯ ಅಕ್ಷರ! ಕಪ್ಪು ಮೈಯಲ್ಲಿ ಕಪ್ಪು ಕಣ್ಣು ಕಾಣದೆಂಬುದು ಅವರು ಕೊಡುವ ಕಾರಣ.

ಇಷ್ಟು ಹೇಳಿ ಮುಗಿಸುವಾಗ ಆ ಹುಡುಗ ಎದ್ದು ನಿಂತ. “ಸರ್, ನಮ್ಮ ಆಯಿ ಕಾವಳಾ ಅಂತಾಳ್ರಿ, ನೀವು ಕಾಗೆ ಅಂತೀರಿ. ಇವೂ ನೆಂಟರೇನ್ರಿ?”

ನಾವು ಉತ್ತರ ಕೊಡಬೇಕಾಗಲಿಲ್ಲ. ಕಿಟಕಿಯ ಹೊರಗೆ ಅದು ತನ್ನ ಹೆಸರನ್ನು ತಾನೇ ಕೂಗುತ್ತಿತ್ತು.