ಸೂಜಿಗೆ ಹೆದರುವ ಧೀರನಿಗೆ

ತಮ್ಮಾ, ನಿನ್ನದೊಂದು ತಮಾಷೆ ಬಹಳ ದಿನದಿಂದ ನೋಡುತ್ತಿದ್ದೇನೆ. ಮೈ ಸ್ವಲ್ಪ ಬೆಚ್ಚಗಾದರೆ ಸಾಕು, ದವಾಖಾನೆಗೆ ಓಡುತ್ತೀ. “ಗುಳಿಗೆ ಬ್ಯಾಡ್ರಿ ಡಾಕ್ಟರೇ, ಒಂದು ಸೂಜಿ ಚುಚ್ಚಿಬಿಡ್ರಿ, ನಾಳಿ ಹೈದರಾಬಾದಿಗಿ ಹೋಗೋದದ” ಅಂತ ಗಂಟುಬೀಳುತ್ತೀ. ಚುಚ್ಚದ ಡಾಕ್ಟರು ನಿನ್ನ ಲೆಕ್ಕದಲ್ಲಿ ಡಾಕ್ಟರೇ ಅಲ್ಲ. ಅದೇ ನೀನು ಗಟ್ಟಿಮುಟ್ಟಾಗಿದ್ದಾಗ ಆಶಾ ಕಾರ್ಯಕರ್ತೆ ಬಂದು ಲಸಿಕೆ ಅಂದಳೋ, ಹಿತ್ತಲ ಬಾಗಿಲಿಂದ ಹೊಲಕ್ಕೆ ಪರಾರಿ! ಬೇಡದ ಸೂಜಿಗೆ ರೊಕ್ಕ ಎಣಿಸುತ್ತೀ, ಬೇಕಾದದ್ದನ್ನು ಪುಕ್ಕಟೆ ಕೊಟ್ಟರೂ ಕಣ್ಣು ತಪ್ಪಿಸುತ್ತೀ.

ಕೋವಿಡ್ ಕಾಲವನ್ನು ಇಷ್ಟು ಬೇಗ ಮರೆತೆಯಾ? ದೇಶದ ಮೊದಲ ಕೋವಿಡ್ ಸಾವು ಎಲ್ಲೋ ದೂರದಲ್ಲಿ ಆಗಲಿಲ್ಲ. ನಮ್ಮ ಪಕ್ಕದ ಕಲಬುರಗಿಯ 76 ವರ್ಷದ ಹಿರಿಯರು, 2020ರ ಮಾರ್ಚ್ 10ರಂದು ಹೋದರು. ಅದೇ ವರ್ಷ ಸೆಪ್ಟೆಂಬರ್ 24ಕ್ಕೆ ನಮ್ಮ ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಅವರನ್ನೂ ಕೋವಿಡ್ ಬಿಡಲಿಲ್ಲ. ಅವರಿಂದ ತೆರವಾದ ಜಾಗಕ್ಕೆ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆಯಿತು, ಅದೂ ಎರಡನೇ ಅಲೆ ಏರುತ್ತಿದ್ದ ಹೊತ್ತಿನಲ್ಲಿ. ಬೆರಳಿಗೆ ಶಾಯಿ ಹಾಕಿಸಿಕೊಳ್ಳಲು ಬಿಸಿಲಲ್ಲಿ ಸಾಲುಗಟ್ಟಿದ ಜನರೇ, ರಟ್ಟೆಗೆ ಸೂಜಿ ಅಂದಾಗ “ಇವತ್ತು ಯಾಕೋ ಮೈ ನೆಟ್ಟಗಿಲ್ಲ” ಅಂದರು.

ಆಗ ಆಶಾ ಕಾರ್ಯಕರ್ತೆಯರ ಪಾಡು ಹೇಳತೀರದು. ಕೋವಿಶೀಲ್ಡ್‌ನ ಒಂದು ಪುಟ್ಟ ಸೀಸೆಯಲ್ಲಿ 10 ಜನರಿಗಾಗುವಷ್ಟು ಮದ್ದು, ತಲೆಗೆ ಅರ್ಧ ಮಿಲಿಲೀಟರ್. ಮುಚ್ಚಳಕ್ಕೆ ಒಮ್ಮೆ ಸೂಜಿ ಚುಚ್ಚಿದರೆ 4 ತಾಸಿನೊಳಗೆ ಖಾಲಿಯಾಗಬೇಕಿತ್ತು, ಉಳಿದದ್ದು ಕಸ. ಹಾಗಾಗಿ 10 ತಲೆ ಕೂಡಿಸಲು ಓಣಿ ಓಣಿ ತಿರುಗುತ್ತಿದ್ದರು. ಒಂಬತ್ತು ಮಂದಿ ಬೆಂಚಿನ ಮೇಲೆ ತೋಳು ಮಡಚಿ ಕೂತಿರುತ್ತಿದ್ದರು, ಹತ್ತನೆಯವನು ಬಾವಿಯ ಕಡೆಗೆ ಹೋದವನು ಬರುತ್ತಲೇ ಇರಲಿಲ್ಲ. ಆ ಹತ್ತನೆಯವನ ಹೆಸರು ಹೇಳಲೇನು? ಇರಲಿ ಬಿಡು, ಮದುವೆಗೆ ಹೆಣ್ಣು ನೋಡುತ್ತಿದ್ದಾರೆ.

“ಲಸಿಕೆ ಹಾಕಿಸಿಕೊಂಡವರು ಎರಡು ವರ್ಷದಲ್ಲಿ ಸಾಯುತ್ತಾರಂತೆ” ಅಂತ ವಾಟ್ಸಾಪಿನಲ್ಲಿ ಬಂದಿತ್ತಲ್ಲ, ಆ ಎರಡು ವರ್ಷ ಮುಗಿದು ಎಷ್ಟು ದಿನವಾಯಿತು! ಹಾಕಿಸಿಕೊಂಡವರೂ ಆ ಸುದ್ದಿ ಹಬ್ಬಿಸಿದವರೂ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಹೀರುತ್ತಿದ್ದಾರೆ. ಹಾಗೆಂದು ಲಸಿಕೆಗೆ ದೋಷವೇ ಇಲ್ಲ ಅಂತ ನಾನು ಹೇಳುವವನಲ್ಲ. ರಟ್ಟೆ ನೋಯುತ್ತದೆ, ಒಂದೆರಡು ದಿನ ಜ್ವರ ಬರಬಹುದು. ಕೋವಿಶೀಲ್ಡ್‌ನಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿದ್ದೂ ಉಂಟು. ಮೈಗೆ ಒಗ್ಗದ ಮದ್ದೇನಾದರೂ ಇದ್ದರೆ ಮೊದಲೇ ಬಾಯಿಬಿಟ್ಟು ಹೇಳು, ಚುಚ್ಚಿಸಿಕೊಂಡ ಮೇಲೆ ಅರ್ಧ ತಾಸು ಅಲ್ಲೇ ಕೂಡು ಅನ್ನುವುದು ಮದ್ದು ಮೈಗೆ ಒಗ್ಗದಿದ್ದರೆ ಕೂಡಲೇ ನೋಡಿಕೊಳ್ಳಲಿಕ್ಕೇ. ನೀನೋ, ಹತ್ತಿ ಒತ್ತಿಕೊಂಡೇ ಬೈಕಿಗೆ ಕಿಕ್ ಹೊಡೆಯುವವನು.

ಈಗ ಕೋವಿಡ್ ಲಸಿಕೆಯ ಆ ಭರಾಟೆ ಇಲ್ಲ. ನಿನಗೆ, ಮನೆಯ ಹಿರಿಯರಿಗೆ ಇನ್ನೊಂದು ಡೋಸ್ ಬೇಕೇ, ಎಲ್ಲಿ ಸಿಗುತ್ತದೆ ಅಂತ ಡಾಕ್ಟರನ್ನು ಕೇಳು, ಸಾಕು. ನಾನು ಇವತ್ತು ಹಿಡಿದು ಕೂರಿಸಿದ್ದು ಫ್ಲೂ ವಿಷಯಕ್ಕೆ. ಅದನ್ನು ನೀನು “ಬರೀ ನೆಗಡಿ” ಅನ್ನುತ್ತೀ. ಈ ಬರೀ ನೆಗಡಿಯೇ 1918ರಲ್ಲಿ ನಮ್ಮ ದೇಶದಲ್ಲಿ ಕೋಟಿಗೂ ಮೀರಿ ಜನರನ್ನು ನುಂಗಿದ್ದು. 2009ರಲ್ಲಿ ಹಂದಿಜ್ವರ ಅಂತ ಊರೆಲ್ಲ ಮೂಗು ಮುಚ್ಚಿಕೊಂಡಿತಲ್ಲ, ಅದೂ ಇದೇ ಮನೆತನದ್ದು.

ನಮ್ಮ ಕಡೆ ಫ್ಲೂ ಮಳೆಗಾಲಕ್ಕೊಮ್ಮೆ ಏರುತ್ತದೆ, ಮತ್ತೆ ಜನವರಿಯಿಂದ ಮಾರ್ಚಿನವರೆಗೆ ಇನ್ನೊಮ್ಮೆ. ಅಂದರೆ ನೀನು ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ನೂಕುನುಗ್ಗಲಲ್ಲಿ ಇರುವ ಹೊತ್ತಿಗೆ ಅದೂ ಜಾತ್ರೆಗೆ ಬಂದಿರುತ್ತದೆ. ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕು. ಮುಂಗಾರಿಗೆ ಮುಂಚೆ, ಏಪ್ರಿಲ್-ಮೇ ಹೊತ್ತಿಗೆ ಹಾಕಿಸಿಕೊಂಡರೆ ಒಳ್ಳೆಯದು. ನಿನ್ನ ಗೆಳೆಯನಿರುವ ಲಂಡನ್ನಿನಲ್ಲಿ 65 ದಾಟಿದವರಿಗೆ ಓಣಿಯ ಕ್ಲಿನಿಕ್ಕಿನಲ್ಲೇ ಚಳಿಗಾಲಕ್ಕೆ ಮುಂಚೆ ಪುಕ್ಕಟೆ ಹಾಕುತ್ತಾರೆ. ಅವರ ಪಂಚಾಂಗ ನೋಡಿ ನೀನು ಅಕ್ಟೋಬರಿನ ತನಕ ಕಾಯಬೇಡ. ಇಲ್ಲಿ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಫ್ಲೂ ಇಲ್ಲ, ಕಿಸೆಯಿಂದಲೇ ಕೊಡಬೇಕು. ಮೊಬೈಲಿನ ಕವರು ಬದಲಿಸುವ ಉತ್ಸಾಹದಲ್ಲಿ ಕಾಲುಭಾಗ ಇದಕ್ಕೂ ಇರಲಿ.

“ವರ್ಷಾ ವರ್ಷಾ ಯಾಕೆ ಚುಚ್ಚಿಸಿಕೋಬೇಕು?” ಅನ್ನುತ್ತೀ. ಫ್ಲೂ ವೈರಸ್ಸು ವೇಷ ಬದಲಿಸುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆ ಎರಡು ಸಲ, ಫೆಬ್ರುವರಿಗೊಮ್ಮೆ ಸೆಪ್ಟೆಂಬರಿಗೊಮ್ಮೆ ಕೂತು, ಮುಂದಿನ ಹಂಗಾಮಿಗೆ ಯಾವ ತಳಿಗಳ ವಿರುದ್ಧ ಲಸಿಕೆ ಮಾಡಬೇಕೆಂದು ಹೇಳುತ್ತಾರೆ. ನೀನೂ ಪ್ರತಿ ಹಂಗಾಮಿಗೆ ತೊಗರಿ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿಯೇ ಬಿತ್ತುತ್ತೀಯಲ್ಲ, ಹೋದ ವರ್ಷ ಹಚ್ಚಿದ್ದೆ ಈ ವರ್ಷ ಬೇಡ ಅನ್ನುತ್ತೀಯಾ? ನೆಟೆ ರೋಗ ಬಿದ್ದ ಮೇಲೆ ಸಾಲಿನಲ್ಲಿ ನಿಂತು ತಲೆ ಚಚ್ಚಿಕೊಂಡರೆ ಗಿಡ ಏಳುವುದಿಲ್ಲ ಅಂತ ನನಗಿಂತ ಚೆನ್ನಾಗಿ ಬಲ್ಲೆ.

ಲಸಿಕೆ ಹಾಕಿಸಿಕೊಂಡರೂ ನೆಗಡಿ ಬಂತು ಅಂತ ಆಮೇಲೆ ಜಗಳಕ್ಕೆ ಬರಬೇಡ. ನೆಗಡಿ ತರುವ ಬೇರೆ ವೈರಸ್ಸುಗಳು ಬೇಕಾದಷ್ಟಿವೆ. ಈ ಸೂಜಿ ತಡೆಯುವುದು ಆಸ್ಪತ್ರೆಯ ಮಂಚ ಹಿಡಿಸುವಂಥ ಫ್ಲೂವನ್ನು, ಅದೂ ನೂರಕ್ಕೆ ನೂರಲ್ಲ. ಹಾಗಿದ್ದರೂ ದಮ್ಮಿರುವ ನಿನ್ನ ಅಜ್ಜಿಗೆ, ಸಕ್ಕರೆ ಕಾಯಿಲೆಯ ನಿನ್ನಪ್ಪನಿಗೆ, ಬಸುರಿಯಾಗಿರುವ ನಿನ್ನಕ್ಕನಿಗೆ ಅದು ದೊಡ್ಡ ಆಸರೆ. ನೀನು ಹೈದರಾಬಾದಿನಿಂದ ರಾತ್ರಿ ಬಸ್ಸಿನಲ್ಲಿ ಸೀನುತ್ತ ಬಂದು ಅಜ್ಜಿಯ ಪಕ್ಕದಲ್ಲೇ ಚಾಪೆ ಹಾಸುವವನು. ನಿನಗೆ ಎರಡು ದಿನದ ಜ್ವರ ಆದದ್ದು ಅವಳಿಗೆ ಬೀದರಿನ ದೊಡ್ಡಾಸ್ಪತ್ರೆ ಆಗಬಾರದಲ್ಲ.

ನಮ್ಮ ಮುಡಬಿಯಲ್ಲಿ ಫ್ಲೂ ಲಸಿಕೆ ಸಿಗದಿದ್ದರೆ ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಮೊದಲು ಫೋನು ಮಾಡಿ ಕೇಳು. ಆದರೆ ಮೆಡಿಕಲ್ಲಿನಿಂದ ಕೊಂಡು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ತರುವ ಶಾಣ್ಯಾತನ ಬೇಡ. ಅದು 2ರಿಂದ 8 ಡಿಗ್ರಿಯ ತಂಪಿನಲ್ಲೇ ಇರಬೇಕು, ನಮ್ಮ ಮೇ ತಿಂಗಳ ಬಿಸಿಲಿಗೆ ಅದು ಅರ್ಧ ದಾರಿಯಲ್ಲೇ ಕೆಡುತ್ತದೆ. ಮನೆಯ ಜನರನ್ನೇ ಅಲ್ಲಿಗೆ ಕರೆದುಕೊಂಡು ಹೋಗು. ಯಾರಿಗಾದರೂ ಆವತ್ತು ಮೈ ಸುಡುತ್ತಿದ್ದರೆ ಜ್ವರ ಇಳಿದ ಮೇಲೆ ಹೋದರಾಯಿತು. ಅಜ್ಜಿಗೆ ತೋಳು ಸಡಿಲ ಇರುವ ಕುಪ್ಪಸ ಹಾಕಿಕೊಳ್ಳಲು ಹೇಳು. ಮತ್ತೆ ಅವಳಿಗಿಂತ ಮೊದಲು ನಿನ್ನ ರಟ್ಟೆ ಚಾಚು, ಮುಖ ಮಾತ್ರ ಕಿವುಚಬೇಡ. ಮೊಮ್ಮಗ ಮುಖ ಕಿವುಚಿದ್ದು ಕಂಡರೆ ಸಾಕು, ಅವಳು ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಡುತ್ತಾಳೆ.