ಮೈ ಹೇಳೋತನಕ ಕಾಯಬ್ಯಾಡ್ರಿ



ನಮ್ಮ ಕಡೆ ಜ್ವರ ಬಂದರೆ ಮಲಗುತ್ತೇವೆ, ಹೊಟ್ಟೆ ನೊಂದರೆ ಅಜಿವಾನ ಅಗಿಯುತ್ತೇವೆ, ಚೇಳು ಕಡಿದರೆ ಓಡುತ್ತೇವೆ. ಏನೂ ನೋಯದಿದ್ದಾಗ ದವಾಖಾನೆಯ ಮೆಟ್ಟಿಲು ಹತ್ತುವ ರೂಢಿ ನಮಗಿಲ್ಲ. ಸಕ್ಕರೆ ಕಾಯಿಲೆ ಬೆಳೆಯುವುದೇ ಈ ರೂಢಿಯ ಆಸರೆಯಲ್ಲಿ. ಮೊದಮೊದಲು ಅದು ನೋಯಿಸುವುದಿಲ್ಲ, ಕೆಲಸ ಕೆಡಿಸುವುದಿಲ್ಲ. ಆದರೆ ಒಳಗೊಳಗೇ ಕಣ್ಣು, ಕಿಡ್ನಿ, ಕಾಲಿನ ನರಗಳನ್ನು ಸವೆಸುತ್ತಿರುತ್ತದೆ. ಸಕ್ಕರೆಯ ವಿಷಯದಲ್ಲಿ ಮೈಯನ್ನು ಕೇಳಬೇಡಿ, ರಕ್ತವನ್ನು ಕೇಳಿ. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ನಾನು ಡಾಕ್ಟರಲ್ಲ, ಈ ಕಾಯಿಲೆಯೊಂದಿಗೆ ಬಾಳುತ್ತಲೇ ಹಣ್ಣಾದವನು. ನಮ್ಮ ಜಿಲ್ಲೆಯ ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಕೂತರೂ ಕುಷ್ಟಗಿಯ ಸಂತೆಯಲ್ಲಿ ನಿಂತರೂ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ.

“ನಾ ಹೊಲದಾಗ ದುಡಿಯಾಂವ, ತೆಳ್ಳಗದೀನಿ. ನನಗ್ಯಾಕ ಶುಗರ್ ಬರ್ತೈತ್ರೀ?” ಇದು ಮೊದಲನೆಯದು. ಶ್ರೀಮಂತರ ಕಾಯಿಲೆ ಎಂದು ಕರೆಯುತ್ತಿದ್ದ ಕಾಲ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂಬುದು ಅದರ ಲೆಕ್ಕ. ನಮ್ಮವರು ಕೈಕಾಲು ತೆಳ್ಳಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಕಟ್ಟಿಕೊಂಡಿರುತ್ತಾರೆ, ಅದೇ ಸಾಕು. ಅಪ್ಪನಿಗೋ ಅವ್ವನಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಹೊಲದ ದುಡಿಮೆಯೂ ಮೊದಲಿನಂತಿಲ್ಲ. ಉಳುವುದು ಟ್ರ್ಯಾಕ್ಟರ್, ಗಂಗಾವತಿ ಕಡೆ ಭತ್ತ ಕೊಯ್ಯುವುದು ಮಷಿನ್, ಹೊಲಕ್ಕೆ ಹೋಗುವುದು ಬೈಕಿನ ಮೇಲೆ. ಉಣ್ಣುವ ಅಳತೆ ಮಾತ್ರ ಅಜ್ಜನ ಕಾಲದ್ದು.

ಹಿಂದೆ ಉಚ್ಚೆಗೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಅನ್ನುತ್ತಿದ್ದರು. ಸುಳ್ಳಲ್ಲ. ಆದರೆ ರಕ್ತದ ಸಕ್ಕರೆ ಸುಮಾರು 180 ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿಯುತ್ತದೆ. ಇರುವೆಯ ಸಾಕ್ಷಿಗೆ ಕಾದವನು ತಡವಾಗಿ ಬಂದಂತೆಯೇ. ಬಾಯಿ ಒಣಗುವುದು, ರಾತ್ರಿ ಮೂರ್ನಾಲ್ಕು ಸಲ ಏಳುವುದು, ಕಾರಣವಿಲ್ಲದೆ ಸೊರಗುವುದು, ಗಾಯ ಮಾಯದಿರುವುದು, ಇವೆಲ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಕಾಯಿಲೆ ಎಷ್ಟೋ ದೂರ ನಡೆದಿರುತ್ತದೆ. ಹಾಗಾಗಿ ವಯಸ್ಸು 30 ತುಂಬಿದವರೆಲ್ಲ ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ. ಆಶಾ ಕಾರ್ಯಕರ್ತೆ ಮನೆಗೆ ಬಂದು ಸೊಂಟದ ಸುತ್ತಳತೆ, ತಂಬಾಕಿನ ಚಟ, ಮನೆತನದ ಕಾಯಿಲೆ ಕೇಳಿ ಫಾರಂ ತುಂಬುವುದು ಇದಕ್ಕೇ. ಆಕೆಯನ್ನು ಬಾಗಿಲಿನಿಂದಲೇ ಕಳಿಸಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ವಿಭಾಗದಲ್ಲೂ ಪರೀಕ್ಷೆ ಉಚಿತ, ಮಾತ್ರೆಯೂ ಉಚಿತ.

“ಖಾಲಿ ಹೊಟ್ಟೀಲೆ ಅಂದ್ರ ಚಾ ಕುಡೀಬಹುದಲ್ಲರೀ?” ಕುಡಿಯುವ ಹಾಗಿಲ್ಲ. ರಾತ್ರಿ ಉಂಡ ಮೇಲೆ ಕನಿಷ್ಠ 8 ತಾಸು ನೀರಿನ ಹೊರತು ಏನೂ ಹೊಟ್ಟೆಗೆ ಹೋಗಬಾರದು. ಸಕ್ಕರೆ ಇಲ್ಲದ ಚಹಾವೂ ಬೇಡ, ಎಲೆ ಅಡಿಕೆಯೂ ಬೇಡ. ಹಾಗೆ ನೋಡಿದಾಗ 100ರ ಒಳಗಿದ್ದರೆ ಸರಿ. 100ರಿಂದ 125 ಹೊಸ್ತಿಲು. 126 ಮತ್ತು ಮೇಲಿದ್ದರೆ ಕಾಯಿಲೆ. 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ತಾಸಿಗೆ ನೋಡಿದರೆ 140ರ ಒಳಗೆ ಸರಿ, 200 ಮುಟ್ಟಿದರೆ ಕಾಯಿಲೆ. ಲಕ್ಷಣಗಳೇನೂ ಇಲ್ಲದವರಿಗೆ ಒಂದೇ ಸಲದ ಫಲಿತಾಂಶ ನೋಡಿ ತೀರ್ಮಾನಿಸುವುದಿಲ್ಲ, ಇನ್ನೊಮ್ಮೆ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಈಗಾಗಲೇ ಮಾತ್ರೆ ನುಂಗುವವರು ಊಟದ ನಂತರದ ಪರೀಕ್ಷೆಗೆ ಹೋಗುವ ದಿನ ಎಂದಿನ ಊಟ ಉಣ್ಣಿ, ಎಂದಿನ ಮಾತ್ರೆ ನುಂಗಿ, ಮೊದಲ ತುತ್ತಿನಿಂದ ಎರಡು ತಾಸು ಎಣಿಸಿ.

ಇಲ್ಲೊಂದು ಕಳ್ಳಾಟವೂ ಉಂಟು. ನಾಳೆ ಪರೀಕ್ಷೆ ಎಂದರೆ ಎರಡು ದಿನ ಮುಂಚಿನಿಂದ ಅನ್ನ ಬಿಟ್ಟು, ಚಹಾ ಬಿಟ್ಟು, ಊರು ಸುತ್ತಿ ಬರುವುದು. ಶುಗರ್ ಕಡಿಮೆ ಬರುತ್ತದೆ, ಡಾಕ್ಟರೂ ಖುಷಿ, ನಾವೂ ಖುಷಿ. ಒಂದೇ ದಿನದ ಶುಗರ್ ನಂಬುವುದೆಂದರೆ ತುಂಗಭದ್ರಾ ಡ್ಯಾಮಿನ ಒಂದು ದಿನದ ಒಳಹರಿವು ನೋಡಿ ಎರಡನೇ ಬೆಳೆಗೆ ಸಸಿ ಮಡಿ ಹಾಕಿದ ಹಾಗೆ. ಅದಕ್ಕೇ ‘ಮೂರು ತಿಂಗಳ ಶುಗರ್’ ಎಂದು ಜನ ಕರೆಯುವ ಎಚ್‌ಬಿಎ1ಸಿ ಪರೀಕ್ಷೆ ಇದೆ. ಕಳೆದ ಎರಡು ಮೂರು ತಿಂಗಳ ಸರಾಸರಿ ಅದರಲ್ಲಿ ಕಾಣುತ್ತದೆ, ಇದಕ್ಕೆ ಹೊಟ್ಟೆ ಖಾಲಿ ಇರಬೇಕಿಲ್ಲ. 5.7ರ ಒಳಗಿದ್ದರೆ ಸರಿ, 6.5 ಮತ್ತು ಮೇಲಿದ್ದರೆ ಕಾಯಿಲೆ. ಕಾಯಿಲೆ ಇರುವ ಬಹುತೇಕರಿಗೆ 7ರ ಆಸುಪಾಸು ಇಟ್ಟುಕೊಳ್ಳಲು ಹೇಳುತ್ತಾರೆ, ವಯಸ್ಸಾದವರಿಗೆ ತುಸು ಸಡಿಲ. ರಕ್ತಹೀನತೆ ಇದ್ದವರಲ್ಲಿ ಮಾತ್ರ ಈ ಲೆಕ್ಕ ಏರುಪೇರಾಗಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಹೆಚ್ಚು, ಆದ್ದರಿಂದ ಹಿಮೋಗ್ಲೋಬಿನ್ ಕೂಡ ನೋಡಿಸಿ.

ಮನೆಯಲ್ಲಿ ಶುಗರ್ ನೋಡುವ ಮಷಿನ್ ಇಟ್ಟುಕೊಂಡವರಿಗೊಂದು ಮಾತು. ಮಾವಿನಹಣ್ಣು ಹೆಚ್ಚಿದ ಕೈ, ಬೆಲ್ಲ ಮುರಿದ ಕೈ ಒರೆಸಿಕೊಂಡು ಬೆರಳು ಚುಚ್ಚಿದರೆ ರಕ್ತದ ಸಕ್ಕರೆಯ ಜೊತೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಸೋಪು ಹಚ್ಚಿ ತೊಳೆಯಿರಿ, ಪೂರ್ತಿ ಒಣಗಿಸಿ. ಬೆರಳ ತುದಿಯ ನಡುವೆ ಚುಚ್ಚಿದರೆ ಹೆಚ್ಚು ನೋವು, ಪಕ್ಕಕ್ಕೆ ಚುಚ್ಚಿ. ರಕ್ತ ಬರಲಿಲ್ಲವೆಂದು ಹಿಂಡಬೇಡಿ, ಕೈ ಕೆಳಗೆ ಬಿಟ್ಟು ಜಾಡಿಸಿದರೆ ಹನಿ ಮೂಡುತ್ತದೆ. ರಕ್ತದ ಹನಿ ಹಾಕುವ ಪಟ್ಟಿಯ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ಅವಧಿ ಮುಗಿದ ಪಟ್ಟಿ ಬಳಸಬೇಡಿ. ಲ್ಯಾಬಿನಲ್ಲಿ 150, ಮನೆಯಲ್ಲಿ 165 ಬಂತೆಂದು ಗಾಬರಿಯೂ ಬೇಡ, ನೂರಕ್ಕೆ 15ರಷ್ಟು ಹೆಚ್ಚುಕಡಿಮೆ ಈ ಮಷಿನ್‌ಗಳಿಗೆ ಒಪ್ಪಿತ. ಬಂದ ಲೆಕ್ಕವನ್ನು ತಾರೀಖು, ಹೊತ್ತು ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಡಾಕ್ಟರಿಗೆ ನಿಮ್ಮ ನೆನಪಿಗಿಂತ ಆ ಬರಹ ಹೆಚ್ಚು ಉಪಯೋಗ.

ಇನ್ನು ಊಟ. ಭತ್ತ ಬೆಳೆಯುವ ಗಂಗಾವತಿಯವರು ಅನ್ನಕ್ಕೆ ಹೆದರುತ್ತಾರೆ, ರೊಟ್ಟಿ ಉಣ್ಣುವ ಯಲಬುರ್ಗಾದವರು ರೊಟ್ಟಿಯನ್ನು ಔಷಧಿ ಎಂದು ತಿಳಿಯುತ್ತಾರೆ. ಇಬ್ಬರೂ ತುಸು ತಪ್ಪು. ಜೋಳ, ಸಜ್ಜೆ, ನವಣೆಗಳಲ್ಲಿ ನಾರು ಹೆಚ್ಚು, ಪಾಲಿಶ್ ಮಾಡಿದ ಸೋನಾ ಮಸೂರಿಗಿಂತ ಒಳ್ಳೆಯವು, ನಿಜ. ಆದರೆ ಅವೂ ಹೊಟ್ಟೆಯಲ್ಲಿ ಕರಗಿ ಸಕ್ಕರೆಯೇ ಆಗುತ್ತವೆ. ಐದು ರೊಟ್ಟಿ ಉಂಡು “ನಾ ಅನ್ನ ಮುಟ್ಟಿಲ್ರೀ” ಎಂದರೆ ರಕ್ತ ಒಪ್ಪುವುದಿಲ್ಲ. ಗಂಗಾಳದ ಅರ್ಧ ಭಾಗ ಪುಂಡಿಪಲ್ಯ, ಮೆಂತ್ಯೆ ಸೊಪ್ಪು, ಸೌತೆ, ಮೂಲಂಗಿ ಇರಲಿ. ಕಾಲು ಭಾಗ ಹೆಸರುಕಾಳು, ಮಡಕೆಕಾಳು, ಹುರುಳಿ, ಅಥವಾ ಮೊಟ್ಟೆ ಮೀನು. ಉಳಿದ ಕಾಲು ಭಾಗ ರೊಟ್ಟಿಗೋ ಅನ್ನಕ್ಕೋ. ಪಲ್ಯ, ಕಾಳು ಮೊದಲು ಉಂಡು ರೊಟ್ಟಿ ಆಮೇಲೆ ಉಂಡರೆ ಸಕ್ಕರೆ ನಿಧಾನ ಏರುತ್ತದೆ.

ನಮ್ಮ ಹೋಟೆಲಿನ ಮುಂಜಾನೆಯ ಪ್ಲೇಟು ನೋಡಿ: ಮಂಡಾಳು ಒಗ್ಗರಣಿ, ಮೇಲೆ ಎರಡು ಮಿರ್ಚಿ, ಹಿಂದೆಯೇ ಸಕ್ಕರೆ ಚಹಾ. ಮಂಡಾಳು ಹಗುರ, ಹೊಟ್ಟೆ ತುಂಬಿದಂತೆ ಅನಿಸುವುದಿಲ್ಲ, ಆದರೆ ಅದರ ಅಕ್ಕಿ ಬೇಗನೆ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ. ಎಂದೋ ಒಮ್ಮೆ ತಿನ್ನಿ, ದಿನಾ ಬೇಡ. ಬೆಲ್ಲದ ಚಹಾವೂ ಸಕ್ಕರೆಯ ಚಹಾವೇ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಸಿಹಿ ಮಾದಲಿಯನ್ನು ಪ್ರಸಾದವೆಂದು ಕಣ್ಣಿಗೊತ್ತಿ ಒಂದು ತುತ್ತು ಬಾಯಿಗೆ ಹಾಕಿಕೊಳ್ಳಿ, ಮಠದ ಅಜ್ಜ ಬೇಡವೆನ್ನುವುದಿಲ್ಲ. ಎರಡನೇ ಸಲ ಬಡಿಸಿಕೊಳ್ಳುವುದು ಭಕ್ತಿಯಲ್ಲ.

“ಗುಳಿಗಿ ಶುರು ಮಾಡಿದ್ರ ಸಾಯೋತನಕ ಬಿಡಂಗಿಲ್ಲಂತ?” ಹೌದು, ಬಹಳ ಜನರಿಗೆ ಜೀವನವಿಡೀ ಬೇಕಾಗುತ್ತದೆ, ಅದರಲ್ಲಿ ಅಂಜುವುದೇನಿದೆ? ಶುಗರ್ ಸರಿಬಂತೆಂದು ಮಾತ್ರೆ ಬಿಡುವವರಿದ್ದಾರೆ. ಸರಿಬಂದದ್ದು ಮಾತ್ರೆಯಿಂದ ಎನ್ನುವುದನ್ನು ಮರೆಯುತ್ತಾರೆ. ಸಂತೆಯಲ್ಲಿ ಬೇರು ಪುಡಿ ಮಾರುವವನು “ಗುಳಿಗಿ ಬಿಡ್ರಿ” ಎಂದರೆ ಅಲ್ಲಿ ನಿಲ್ಲಬೇಡಿ. ಹಾಗಲಕಾಯಿ, ಮೆಂತ್ಯೆ ತಿನ್ನಿ, ಅವು ಅಡುಗೆ, ಮಾತ್ರೆಯ ಬದಲಿಯಲ್ಲ. ಇನ್ಸುಲಿನ್ ಎಂದರೆ ಕೊನೆಯ ಹಂತ ಎನ್ನುವುದೂ ತಪ್ಪು. 1922ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಬಾರಿ ಅದನ್ನು ಕೊಟ್ಟದ್ದು ಲಿಯೋನಾರ್ಡ್ ಥಾಂಪ್ಸನ್ ಎಂಬ 14ರ ಹುಡುಗನಿಗೆ, ಸಾವಿನ ದವಡೆಯಿಂದ ಅವನನ್ನು ಎತ್ತಿತು. ಇಂದಿಗೂ ಮೈಯಲ್ಲಿ ಇನ್ಸುಲಿನ್ ತಯಾರಾಗದ ಟೈಪ್ 1 ಸಕ್ಕರೆ ಕಾಯಿಲೆ ಇರುವ ಮಕ್ಕಳಿಗೆ ಅದೇ ಜೀವ. ದೇವರ ಹರಕೆ, ಮದುವೆ ಮಾತುಕತೆ, ಯಾವ ನೆಪಕ್ಕೂ ಅದನ್ನು ನಿಲ್ಲಿಸಬಾರದು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಇನ್ಸುಲಿನ್ನನ್ನು ಬೈಕಿನ ಡಬ್ಬಿಯಲ್ಲಿ ಬಿಡಬೇಡಿ, ಫ್ರೀಜರ್‌ನಲ್ಲೂ ಇಡಬೇಡಿ. ಫ್ರಿಜ್ ಇಲ್ಲದವರು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಒದ್ದೆ ಮರಳಿನಲ್ಲಿ ಕೂರಿಸಿದ ಮಣ್ಣಿನ ಗಡಿಗೆಯೊಳಗೆ ಇಡಿ.

ಶುಗರ್ ಹೆಚ್ಚಾಗುವುದಕ್ಕೆ ಹೆದರುವವರು ಕಡಿಮೆಯಾಗುವುದನ್ನು ಮರೆತುಬಿಡುತ್ತಾರೆ. ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ನುಂಗಿ, “ಬುತ್ತಿ ಆಮ್ಯಾಲ ಬರ್ತೈತಿ” ಎಂದು ಹೊಲಕ್ಕೆ ಹೋದವನಿಗೆ ಹತ್ತು ಗಂಟೆಗೆ ಕೈ ನಡುಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಮಾತು ತೊದಲುತ್ತದೆ. ನೋಡುವವರು ಕುಡಿದಿದ್ದಾನೆ ಎನ್ನುತ್ತಾರೆ. ಶುಗರ್ 70ಕ್ಕಿಂತ ಕೆಳಗೆ ಇಳಿದಿರುತ್ತದೆ ಅಷ್ಟೇ. ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಊಟ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಶ್ರಾವಣ ಸೋಮವಾರ, ಏಕಾದಶಿ, ರೋಜಾ ಹಿಡಿಯುವವರು ಮೊದಲೇ ಡಾಕ್ಟರನ್ನು ಕೇಳಿ ಮಾತ್ರೆಯ ಹೊತ್ತು ಬದಲಿಸಿಕೊಳ್ಳಿ.

ಕಾಲಿನ ಮಾತು ಬೇರೆಯೇ ಹೇಳಬೇಕು. ನರ ಸತ್ತ ಪಾದಕ್ಕೆ ಜಾಲಿಮುಳ್ಳು ಚುಚ್ಚಿದರೂ ಗೊತ್ತಾಗದು. ಹುಲಿಗೆಮ್ಮನ ದರ್ಶನಕ್ಕೆಂದು ಹುಲಿಗಿಗೆ ಬರಿಗಾಲಲ್ಲಿ ನಡೆದು, ಕಾದ ಡಾಂಬರಿನಲ್ಲಿ ಪಾದ ಸುಟ್ಟುಕೊಂಡು, ಗಾಯ ಕೀವಾದ ಮೇಲೆ ಬಂದು ಬೆರಳು ಕಳೆದುಕೊಂಡವರಿದ್ದಾರೆ. ಹುಲಿಗೆಮ್ಮ ಚಪ್ಪಲಿ ಹಾಕಿಕೊಂಡು ಬಂದವರನ್ನೂ ಹರಸುತ್ತಾಳೆ. ದಿನಾ ರಾತ್ರಿ ಕಾಲು ತೊಳೆದು, ಬೆರಳ ಸಂದು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ, ಇಲ್ಲವೇ ಮೊಮ್ಮಕ್ಕಳಿಗೆ ತೋರಿಸಿ. ಒಡೆದ ಹಿಮ್ಮಡಿಗೆ ಎಣ್ಣೆ ಸವರಿರಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿ ಒಳಪರದೆ ನೋಡಿಸಿ, ಕಿಡ್ನಿಗೆಂದು ಮೂತ್ರ, ರಕ್ತ ಪರೀಕ್ಷೆ ಮಾಡಿಸಿ. ತಾಲೂಕಿನಲ್ಲಿ ಆಗದಿದ್ದರೆ ಕೊಪ್ಪಳದ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜು ಇವೆ.

ಕುಷ್ಟಗಿ, ಯಲಬುರ್ಗಾದಿಂದ ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋಗುವ ಮಕ್ಕಳೇ, ಚಿಕಿತ್ಸೆ ತಪ್ಪುವುದು ಹೆಚ್ಚಾಗಿ ಅಲ್ಲಿಯೇ. ಹೊರಡುವಾಗ ದವಾಖಾನೆಯ ಚೀಟಿ ಚೀಲಕ್ಕೆ ಹಾಕಿ, ಅದರ ಫೋಟೊ ಮೊಬೈಲಿನಲ್ಲಿರಲಿ. ಸಿಗುವಷ್ಟು ಮಾತ್ರೆ ಒಯ್ಯಿರಿ. ಮುಗಿದ ಮೇಲೆ ಆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ತೋರಿಸಿ ಕೇಳಿ, ಊರಿಗೆ ಬಂದಾಗ ನೋಡೋಣ ಎನ್ನಬೇಡಿ.

ಬಸುರಿಯರಿಗೆ ಮೊದಲ ತಪಾಸಣೆಯಲ್ಲೊಮ್ಮೆ, 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ ಗ್ಲುಕೋಸ್ ನೀರು ಕುಡಿಸಿ ನೋಡುತ್ತಾರೆ. ಎರಡು ತಾಸಿಗೆ 140 ಮುಟ್ಟಿದರೆ ಚಿಕಿತ್ಸೆ ಬೇಕು. ಹೆರಿಗೆಯಾದ ಮೇಲೆ ಸರಿಹೋಯಿತೆಂದು ಮರೆಯಬೇಡಿ. ಹೆರಿಗೆಯಾಗಿ ಆರು ವಾರವಾದಾಗ ಒಂದು ಸಲ ನೋಡಿಸಿ, ಆಮೇಲೆ ವರ್ಷ ವರ್ಷ ನೋಡಿಸುತ್ತಿರಿ. ಅಂಥವರಿಗೆ ಮುಂದೆ ಕಾಯಿಲೆ ಬರುವ ಸಂಭವ ಹೆಚ್ಚು.

ಕಡೆಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಮನೆಯಲ್ಲಿ 30 ದಾಟಿದವರನ್ನು ಎಣಿಸಿ, ಯಾರು ಯಾವಾಗ ಪರೀಕ್ಷೆ ಮಾಡಿಸಿದ್ದಾರೆ ಕೇಳಿ. ಗಂಡಸರದ್ದು ಒಂದೆರಡು ಸಲವಾದರೂ ಆಗಿರುತ್ತದೆ. “ನನಗೇನಾಗೇತಿ, ಗುಂಡುಕಲ್ಲಿನಂಗ ಅದೀನಿ” ಎಂದು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಅವ್ವನದ್ದು ಒಮ್ಮೆಯೂ ಆಗಿರುವುದಿಲ್ಲ. ನಾಳೆ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಅವಳನ್ನೇ ಕರೆದುಕೊಂಡು ಹೋಗಿ, ನಿಮ್ಮದು ಅವಳ ನಂತರ.